ನಮ್ಮ ಹುಡುಗನ ಒಂಬತ್ತು ಓವರುಗಳು

2013ನೆಯ ಇಸವಿ ನವೆಂಬರ್ 2ನೆಯ ತಾರೀಖು ನರಕ ಚತುರ್ದಶಿ. ಆಗ ನಾವು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ವ್ಯಾಸಂಗ ಮಾಡುತ್ತಿದ್ದೆವು, ಹಬ್ಬಕ್ಕೆಂದು ಹೊನ್ನಾಳಿಗೆ ಬಂದಿದ್ದೆವು. ಬೆಳಗಿನ ಎಣ್ಣೆನೀರು, ಮಧ್ಯಾಹ್ನದ ಹೋಳಿಗೆ ಊಟ ಮುಗಿದ ಮೇಲೆ ನೆರೆಹೊರೆಯವರೆಲ್ಲ ನಮ್ಮ ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ಟೆಲಿವಿಷನ್ನಿನ ಮುಂದೆ ಸೇರಿದ್ದರು. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಭಾರತಕ್ಕೂ ಆಸ್ಟ್ರೇಲಿಯಕ್ಕೂ ಒಂದು ದಿನದ ಪಂದ್ಯ. ರೋಹಿತ್ ಶರ್ಮಾ 209 ರನ್ ಹೊಡೆದದ್ದು ಆ ಮಧ್ಯಾಹ್ನವೇ. ಭಾರತದ ಮೊತ್ತ 383 ಆದಾಗ ಗೆಲುವಿನ ವಿಷಯದಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ. ಆದರೆ ನಮ್ಮ ಪಡಸಾಲೆಯ ಜನ ಕಾಯುತ್ತಿದ್ದದ್ದು ರೋಹಿತ್ ಶರ್ಮನಿಗಾಗಿ ಅಲ್ಲ. ಕತ್ತಲಾಗಿ ದೀಪ ಹಚ್ಚುವ ಹೊತ್ತಿಗೆ ಬೌಲಿಂಗಿಗೆ ಬರಲಿದ್ದ ಆರ್. ವಿನಯ್ ಕುಮಾರ್ ಅವರಿಗಾಗಿ. ದಾವಣಗೆರೆಯಲ್ಲಿ ಹುಟ್ಟಿ, ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾಗಿದ್ದವರು ಅವರು. ಹೊನ್ನಾಳಿಯಿಂದ ದಾವಣಗೆರೆ ಒಂದು ಗಂಟೆಯ ಬಸ್ಸಿನ ದಾರಿ.

“ನಮ್ಮ ಹುಡುಗ ಬಂದ ನೋಡು” ಎಂದರು ಚಿಕ್ಕಪ್ಪ.

ಆ ರಾತ್ರಿ ನಮ್ಮ ಹುಡುಗನ ಗತಿ ಏನಾಯಿತೆಂಬುದು ದಾಖಲೆಯಲ್ಲಿದೆ: 9 ಓವರು, 102 ರನ್, 1 ವಿಕೆಟ್. ಭಾರತದ ಪರವಾಗಿ ಒಂದು ದಿನದ ಪಂದ್ಯದಲ್ಲಿ ಅದುವರೆಗೆ ಯಾವ ಬೌಲರನೂ ನೂರು ರನ್ ಕೊಟ್ಟಿರಲಿಲ್ಲ. ಐದನೆಯ ಓವರಿನ ವೇಳೆಗೆ ಪಡಸಾಲೆಯಲ್ಲಿ ಮಾತು ನಿಂತಿತು. ಏಳನೆಯ ಓವರಿನಲ್ಲಿ ಯಾರೋ ನಕ್ಕರು. ಚಿಕ್ಕಪ್ಪ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅಲ್ಲಪ್ಪ, ಇವನು ದಾವಣಗೆರೆಯವನು. ನಾವು ಮೊದಲಿಂದ ಶಿವಮೊಗ್ಗ ಜಿಲ್ಲೆಯವರು. ನಮ್ಮವನು ಅಂದ್ರೆ ಭದ್ರಾವತಿ ವಿಶ್ವನಾಥ್” ಎಂದುಬಿಟ್ಟರು.

ಅವರ ಮಾತು ಸುಳ್ಳಲ್ಲ. ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಜಿ. ಆರ್. ವಿಶ್ವನಾಥರು ಹುಟ್ಟಿದ್ದು ಭದ್ರಾವತಿಯಲ್ಲಿ. (ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡಬಹುದು: ವಿಶ್ವನಾಥರು ಹುಟ್ಟಿದ್ದು 1949ರ ಫೆಬ್ರವರಿ 12ರಂದು, ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರವರಿ 12ರಂದು.) ಆದರೆ ಹದಿನಾರು ವರ್ಷ ಯಾರ ನೆನಪಿಗೂ ಬಾರದಿದ್ದ ಜಿಲ್ಲೆಯ ಗಡಿ ಏಳನೆಯ ಓವರಿನಲ್ಲೇ ಏಕೆ ನೆನಪಾಯಿತು? ಭಾರತ ಆ ಪಂದ್ಯವನ್ನು 57 ರನ್ನುಗಳಿಂದ ಗೆದ್ದಿತು. ಹೊರಗೆ ಪಟಾಕಿಯ ಸದ್ದು. ಒಳಗೆ ನಾವೆಲ್ಲ ಗೆದ್ದವರಂತೆಯೂ ಇರಲಿಲ್ಲ, ಸೋತವರಂತೆಯೂ ಇರಲಿಲ್ಲ.

ಈ ಇಬ್ಬಗೆಯ ಮನಸ್ಸನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಿದ್ದಾರೆಂದು ನಮಗೆ ತಿಳಿದದ್ದು ಅನೇಕ ವರ್ಷಗಳ ಅನಂತರ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಒಂದು ಸ್ವಾರಸ್ಯವಾದ ಪ್ರಬಂಧವನ್ನು ಪ್ರಕಟಿಸಿದರು. ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರದ ತರಗತಿಗಳಿಗೆ ಹೋಗಿ, ಎಷ್ಟು ಮಂದಿ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರೋ ಲಾಂಛನವೋ ಇರುವ ಉಡುಪನ್ನು ತೊಟ್ಟಿದ್ದಾರೆಂದು ಅವರು ಎಣಿಸಿದರು. ಹಿಂದಿನ ಶನಿವಾರ ತಮ್ಮ ಫುಟ್‌ಬಾಲ್ ತಂಡ ಗೆದ್ದಿದ್ದರೆ ಅಂಥ ಉಡುಪುಗಳು ಹೆಚ್ಚು, ಸೋತಿದ್ದರೆ ಕಡಿಮೆ. ಅನಂತರ ವಿದ್ಯಾರ್ಥಿಗಳಿಗೆ ದೂರವಾಣಿಯ ಮೂಲಕ ಪಂದ್ಯದ ಫಲಿತಾಂಶವನ್ನು ಹೇಳಲು ಕೇಳಿದರು. ಗೆದ್ದ ಪಂದ್ಯವನ್ನು ವರ್ಣಿಸುವಾಗ ‘ನಾವು ಗೆದ್ದೆವು’ ಎಂಬ ಮಾತು ಸಲೀಸಾಗಿ ಬರುತ್ತಿತ್ತು. ಸೋತ ಪಂದ್ಯವಾದರೆ ‘ಅವರು ಸೋತರು’ ಎಂಬ ಮಾತು. ಇನ್ನೂ ಗಮನಾರ್ಹವಾದ ಅಂಶವೆಂದರೆ, ಸಂಭಾಷಣೆಗೆ ಮುಂಚೆ ಒಂದು ಸಣ್ಣ ಪರೀಕ್ಷೆಯಲ್ಲಿ ಸೋತೆನೆಂಬ ಭಾವನೆ ಹುಟ್ಟಿಸಲ್ಪಟ್ಟವರಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಂಡುಬಂದಿತು. ತಮ್ಮ ಮಾನಕ್ಕೆ ಸ್ವಲ್ಪ ಪೆಟ್ಟು ಬಿದ್ದವರು ಪರರ ಗೆಲುವಿನ ನೆರಳಿಗೆ ಬೇಗ ಬಂದು ಸೇರುತ್ತಾರೆ.

ಇಂಗ್ಲಿಷಿನವರಿಗೆ ‘ನಾವು’, ‘ಅವರು’ ಎಂಬ ಎರಡೇ ಸಾಧನ. ಕನ್ನಡದಲ್ಲಿ ನಮಗೆ ಹೆಚ್ಚಿನ ಅನುಕೂಲವಿದೆ. ವಿಕೆಟ್ ಬಿದ್ದಾಗ ‘ನಮ್ಮ ಹುಡುಗ’. ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬಂದಾಗ ‘ವಿನಯ್ ಕುಮಾರ್ ಅವರು’. ಸಿಕ್ಸರ್ ಹೋದಾಗ ‘ಅವನು’. ಪ್ರೀತಿಗೂ ತಾತ್ಸಾರಕ್ಕೂ ಏಕವಚನವೇ. ಧ್ವನಿಯನ್ನು ಕೇಳಿಯೇ ಯಾವುದೆಂದು ತಿಳಿಯಬೇಕು.

ಆದರೆ ಚಾಲ್ಡೀನಿಯವರ ಫಲಿತಾಂಶ ನಮ್ಮ ಪಡಸಾಲೆಯನ್ನು ಪೂರ್ತಿಯಾಗಿ ವಿವರಿಸುವುದಿಲ್ಲ. ಸೋತವನನ್ನು ದೂರವಿಡುವುದೇ ನಿಯಮವಾಗಿದ್ದರೆ ಆ ರಾತ್ರಿ ಜನ ಎದ್ದು ಹೋಗಬೇಕಾಗಿತ್ತು; ಯಾರೂ ಹೋಗಲಿಲ್ಲ. ಬೈಯುತ್ತ ಬೈಯುತ್ತ ಕೊನೆಯ ಓವರಿನವರೆಗೂ ಕುಳಿತಿದ್ದರು. 1990ರಲ್ಲಿ ವ್ಯಾನ್ ಮತ್ತು ಬ್ರಾನ್ಸ್‌ಕೂಂಬ್ ಎಂಬ ಸಂಶೋಧಕರು ಇದಕ್ಕೆ ಒಂದು ಸುಳುಹು ಕೊಟ್ಟರು. ತಂಡದೊಡನೆ ಮೇಲುಮೇಲಿನ ನಂಟುಳ್ಳವರು ಸೋಲಿನ ದಿನ ಸುಲಭವಾಗಿ ಕಳಚಿಕೊಳ್ಳುತ್ತಾರೆ. ಗಾಢವಾದ ನಂಟುಳ್ಳವರಿಗೆ ಅದು ಸಾಧ್ಯವಾಗುವುದಿಲ್ಲ. ಮೆರೆಯಲು ಗೆಲುವಿಲ್ಲ, ಬಿಡಲು ಮನಸ್ಸಿಲ್ಲ. ಊರಿನವರ ಬೈಗುಳ ಹೊರಗಿನವರ ಬೈಗುಳಕ್ಕಿಂತ ಖಾರವಾಗಿರುವುದಕ್ಕೆ ಇದೇ ಕಾರಣವಿರಬೇಕೆಂದು ನಮ್ಮ ಊಹೆ.

ಇರಲಿ, ಬೈಗುಳ ನ್ಯಾಯವಾಗಿತ್ತೇ? ಇಲ್ಲಿ ನಮ್ಮ ಶಾಸ್ತ್ರಕ್ಕೆ ಕೆಲಸವಿದೆ.

ವಿನಯ್ ಕುಮಾರರು ‘ಎಕ್ಸ್‌ಪ್ರೆಸ್’ ಎನಿಸಿಕೊಂಡರೂ ಮಧ್ಯಮ ವೇಗದ ಬೌಲರು. ಅವರ ಎಸೆತದ ವೇಗವನ್ನು ಗಂಟೆಗೆ 130 ಕಿಲೋಮೀಟರ್, ಅಂದರೆ ಸೆಕೆಂಡಿಗೆ 36 ಮೀಟರ್ ಎಂದಿಟ್ಟುಕೊಳ್ಳೋಣ. ಎರಡು ಕ್ರೀಸುಗಳ ನಡುವಣ ದೂರ 17.68 ಮೀಟರ್. ಈ ದೂರವನ್ನು ದಾಟಲು ಚೆಂಡಿಗೆ ಸುಮಾರು ಅರ್ಧ ಸೆಕೆಂಡು ಬೇಕು. ಗಂಟೆಗೆ 145 ಕಿಲೋಮೀಟರಿನ ಬೌಲರನ ಚೆಂಡು 0.44 ಸೆಕೆಂಡಿನಲ್ಲಿ ತಲುಪುತ್ತದೆ. ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ವ್ಯತ್ಯಾಸ. ಆದರೆ ದಾಂಡಿಗನಿಗೆ ಅದು ದೊಡ್ಡ ಉಡುಗೊರೆ. ಮಧ್ಯಮ ವೇಗದವನು ಈ ಉಡುಗೊರೆಯನ್ನು ಬೇರೆ ದಾರಿಯಿಂದ ಹಿಂದಕ್ಕೆ ಪಡೆಯಬೇಕು. ಆ ದಾರಿಯೇ ಗಾಳಿಯಲ್ಲಿ ಚೆಂಡನ್ನು ಬಾಗಿಸುವುದು. ಆಟದ ಮಾತಿನಲ್ಲಿ ಸ್ವಿಂಗ್.

ಚಲಿಸುವ ಚೆಂಡಿನ ಮೈಗೆ ಗಾಳಿಯ ಒಂದು ತೆಳುಪದರ ಅಂಟಿಕೊಂಡಿರುತ್ತದೆ. ಇದರ ಗುಣಗಳನ್ನು ಮೊದಲು ಸ್ಪಷ್ಟಪಡಿಸಿದವರು ಜರ್ಮನಿಯ ಲೂಡ್ವಿಗ್ ಪ್ರಾಂಟ್ಲ್, 1904ರಲ್ಲಿ. ಮೈ ನುಣುಪಾಗಿದ್ದರೆ ಆ ಪದರ ಶಾಂತವಾಗಿ ಹರಿದು, ಚೆಂಡಿನ ಮಗ್ಗುಲನ್ನು ಬೇಗ ಬಿಟ್ಟುಬಿಡುತ್ತದೆ. ಎಲ್ಲಾದರೂ ಒಂದು ಏಣು ತಡೆದರೆ ಪದರ ಕ್ಷುಬ್ಧವಾಗುತ್ತದೆ. ಕ್ಷುಬ್ಧವಾದದ್ದು ಚೆಂಡಿಗೆ ಇನ್ನಷ್ಟು ದೂರ ಅಂಟಿಕೊಂಡು ಹಿಂಬದಿಯವರೆಗೂ ಸಾಗುತ್ತದೆ. ಕ್ರಿಕೆಟ್ ಚೆಂಡಿನಲ್ಲಿ ಆ ಏಣು ಎಂದರೆ ಅದರ ಹೊಲಿಗೆ. ಹೊಲಿಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಎಸೆದರೆ ಒಂದು ಮಗ್ಗುಲಿನ ಗಾಳಿ ಕ್ಷುಬ್ಧ, ಇನ್ನೊಂದು ಮಗ್ಗುಲಿನದು ಶಾಂತ. ಹಿಂದೆ ಬಿಟ್ಟುಹೋಗುವ ಗಾಳಿಯ ಜಾಡು ಆಗ ಒಂದು ಕಡೆಗೆ ವಾಲುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಚೆಂಡು ಇನ್ನೊಂದು ಕಡೆಗೆ, ಹೊಲಿಗೆ ತಿರುಗಿರುವ ದಿಕ್ಕಿಗೆ, ಸರಿಯಬೇಕು. ಈ ಪಕ್ಕದ ಬಲ ಚೆಂಡಿನ ತೂಕದ ಮೂರನೆಯ ಒಂದು ಪಾಲಿನಷ್ಟಿದೆ ಎಂದು ಭಾವಿಸಿ, ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ವೇಗೋತ್ಕರ್ಷ ಸುಮಾರು 3.3, ಕಾಲ ಅರ್ಧ ಸೆಕೆಂಡು. ಸರಿದ ದೂರ ಸುಮಾರು 40 ಸೆಂಟಿಮೀಟರ್. ಮೂರು ಸ್ಟಂಪುಗಳ ಒಟ್ಟು ಅಗಲ 22.86 ಸೆಂಟಿಮೀಟರ್ ಮಾತ್ರ!

ಇದರಲ್ಲಿ ಒಂದು ಸೂಕ್ಷ್ಮವಿದೆ. ರಬಿ ಮೆಹ್ತಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಗಾಳಿಯ ಸುರಂಗದಲ್ಲಿ ನಡೆಸಿದ ಪ್ರಯೋಗಗಳಿಂದ, ಪಕ್ಕದ ಬಲ ಅತ್ಯಧಿಕವಾಗಿರುವುದು ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ, ಹೊಲಿಗೆ ಸುಮಾರು 20 ಡಿಗ್ರಿ ಓರೆಯಾಗಿರುವಾಗ, ಎಂದು ತಿಳಿದುಬಂದಿದೆ. ವೇಗ ಬಹಳ ಹೆಚ್ಚಾದರೆ ಎರಡೂ ಮಗ್ಗುಲುಗಳ ಗಾಳಿ ತಾನಾಗಿಯೇ ಕ್ಷುಬ್ಧವಾಗಿ ಭೇದ ಅಳಿಸಿಹೋಗುತ್ತದೆ. ಆದುದರಿಂದ ಮಧ್ಯಮ ವೇಗವೆಂಬುದು ಬಡತನವಲ್ಲ. ಬೆಳಗಿನ ಹೊತ್ತು ಕೈಯಲ್ಲಿ ಹೊಸ ಕೆಂಪು ಚೆಂಡು ಇರುವವನಿಗೆ ಅದೇ ಆಸ್ತಿ. ರಣಜಿ ಪಂದ್ಯಗಳಲ್ಲಿ ವಿನಯ್ ಕುಮಾರರು ವರ್ಷವರ್ಷವೂ ಬೆಳೆ ತೆಗೆದದ್ದು ಈ ಆಸ್ತಿಯಿಂದಲೇ.

ಆದರೆ ಚೆಂಡಿನ ನುಣುಪು ಹೋದರೆ, ಹೊಲಿಗೆ ಕುಗ್ಗಿದರೆ, ಆಸ್ತಿ ಕೈಬಿಡುತ್ತದೆ. ಬಿಳಿಯ ಚೆಂಡು ಮೊದಲ ಕೆಲವು ಓವರುಗಳಾದ ಮೇಲೆ ನೆಟ್ಟಗೆ ಹೋಗತೊಡಗುತ್ತದೆಂಬುದು ಆಟಗಾರರ ಸಾಮಾನ್ಯ ಅನುಭವ. ಅದರ ಮೇಲೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಾಂದ್ರತೆ ಕಡಲತೀರದ ಊರುಗಳಿಗಿಂತ ನೂರಕ್ಕೆ ಎಂಟು ಒಂಬತ್ತರಷ್ಟು ಕಡಿಮೆ. ಚೆಂಡನ್ನು ಬಾಗಿಸುವ ಬಲವೂ ಹೊಡೆದ ಚೆಂಡನ್ನು ತಡೆಯುವ ಬಲವೂ ಸಾಂದ್ರತೆಗೆ ಅನುಗುಣವಾದುವು. ಒಂದೇ ಕಾರಣದಿಂದ ಬೌಲರನಿಗೆ ಎರಡು ನಷ್ಟ: ಎಸೆದ ಚೆಂಡು ಕಡಿಮೆ ಬಾಗುತ್ತದೆ, ಹೊಡೆದ ಚೆಂಡು ಹೆಚ್ಚು ದೂರ ಹೋಗುತ್ತದೆ. ಆ ಪಂದ್ಯದಲ್ಲಿ ಎರಡೂ ಕಡೆಯವರು ಸೇರಿ ಹೊಡೆದ ಸಿಕ್ಸರುಗಳು 38.

ಇದೆಲ್ಲ ಹೇಳಿ ವಿನಯ್ ಕುಮಾರರನ್ನು ನಿರಪರಾಧಿಯೆಂದು ಬಿಡಿಸಿಬಿಡುವ ಉದ್ದೇಶ ನಮಗಿಲ್ಲ. ಅದೇ ರಾತ್ರಿ ಅದೇ ಗಾಳಿಯಲ್ಲಿ ಮೊಹಮ್ಮದ್ ಶಮಿ 3 ವಿಕೆಟ್ ಪಡೆದರು. 2012ರ ಜನವರಿಯಲ್ಲಿ ಪರ್ತ್ ನಗರದಲ್ಲಿ ವಿನಯ್ ಕುಮಾರರು ಆಡಿದ ಏಕೈಕ ಟೆಸ್ಟ್ ಪಂದ್ಯದಲ್ಲಿ ಚೆಂಡು ಕೆಂಪಾಗಿಯೇ ಇತ್ತು. ಆದರೂ ಡೇವಿಡ್ ವಾರ್ನರ್ 180 ರನ್ ಹೊಡೆದ ಆ ಇನಿಂಗ್ಸಿನಲ್ಲಿ ಅವರಿಗೆ ದಕ್ಕಿದ್ದು 13 ಓವರುಗಳಲ್ಲಿ 73 ರನ್ನಿಗೆ ಒಂದು ವಿಕೆಟ್. ಮೇಲಿನ ಅಂತಸ್ತಿನ ದಾಂಡಿಗರಿಗೆ ಆ ಇಪ್ಪತ್ತನೆಯ ಒಂದು ಸೆಕೆಂಡು ಸಾಕಾಗುತ್ತದೆ. ಇದನ್ನು ಒಪ್ಪಿಕೊಳ್ಳಬೇಕು. ಊರಿನವರಿಗೆ ಒಪ್ಪಿಕೊಳ್ಳಲು ಕಷ್ಟವಾಗಿದ್ದದ್ದೂ ಇದೇ.

ಈಗ ಇನ್ನೊಂದು ವಿಷಯ. ಒಬ್ಬ ಆಟಗಾರ ‘ಕೆಟ್ಟುಹೋದ’ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ? 1910ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಪೊಲೋನಿಯಮ್ ಧಾತುವಿನಿಂದ ಹೊರಬೀಳುವ ಆಲ್ಫಾ ಕಣಗಳನ್ನು ಎಣಿಸಿದರು. ಏಳೂವರೆ ಸೆಕೆಂಡಿನ ಒಂದೊಂದು ಅವಧಿಗೆ ಎಷ್ಟು ಕಣಗಳೆಂದು 2608 ಅವಧಿಗಳನ್ನು ಬರೆದಿಟ್ಟರು. ಸರಾಸರಿ 3.87 ಕಣ. ಆದರೆ 57 ಅವಧಿಗಳಲ್ಲಿ ಒಂದು ಕಣವೂ ಬರಲಿಲ್ಲ. ಪೊಲೋನಿಯಮ್ ಲಯ ಕಳೆದುಕೊಂಡಿತೆಂದು ಯಾರೂ ದೂರಲಿಲ್ಲ. ಪ್ವಾಸೋನ್ ಎಂಬ ಗಣಿತಜ್ಞನ ಸೂತ್ರದ ಪ್ರಕಾರ ಏನೂ ಬದಲಾಗದಿದ್ದರೂ ಅಷ್ಟು ಬರಡು ಅವಧಿಗಳು ಬರಲೇಬೇಕು. ಲೆಕ್ಕ ಹಾಕಿದರೆ 54 ಬರುತ್ತದೆ.

ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ ವಿನಯ್ ಕುಮಾರರು ಪಡೆದ ವಿಕೆಟ್ಟುಗಳು 504. ಪಂದ್ಯಕ್ಕೆ ಸರಾಸರಿ 3.6, ಪೊಲೋನಿಯಮ್ಮಿನ ಸಂಖ್ಯೆಗೆ ಎಷ್ಟು ಹತ್ತಿರ! ಅದೇ ಸೂತ್ರವನ್ನು ಹಚ್ಚಿದರೆ, ಬೌಲರನ ಶಕ್ತಿ ಕೂದಲೆಳೆಯಷ್ಟೂ ಕುಂದದಿದ್ದರೂ 139ರಲ್ಲಿ ಸುಮಾರು ನಾಲ್ಕು ಪಂದ್ಯಗಳಲ್ಲಿ ಅವನಿಗೆ ಒಂದು ವಿಕೆಟ್ಟೂ ಸಿಕ್ಕುವುದಿಲ್ಲ. ವಿಕೆಟ್ಟುಗಳು ಆಲ್ಫಾ ಕಣಗಳಲ್ಲ, ನಿಜ. ಪಿಚ್ಚಿನ ಗುಣವೂ ಎದುರಾಳಿಯ ಬಲವೂ ಬದಲಾಗುತ್ತಿರುತ್ತವೆ. ಹಾಗೆ ಬದಲಾಗುವುದರಿಂದ ಏರಿಳಿತ ಇನ್ನೂ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಇನ್ನು ನವೆಂಬರ್ 2ರ ರಾತ್ರಿ ನಾವು ನೋಡಿದ್ದು 54 ಎಸೆತಗಳನ್ನು. ಸಾವಿರಾರು ಎಸೆತಗಳ ಜೀವಮಾನದಲ್ಲಿ ಐವತ್ತನಾಲ್ಕು!

ಆ ಐವತ್ತನಾಲ್ಕೇ ನೆನಪಿನಲ್ಲಿ ಉಳಿಯುವುದಕ್ಕೂ ಕಾರಣವಿದೆ. 1993ರಲ್ಲಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಕೆಲವರಿಗೆ ತಣ್ಣೀರಿನಲ್ಲಿ ಕೈಯಿಡಲು ಹೇಳಿದರು. ಒಂದು ಸಲ 14 ಡಿಗ್ರಿಯ ನೀರಿನಲ್ಲಿ 60 ಸೆಕೆಂಡು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಮತ್ತೆ 30 ಸೆಕೆಂಡು. ಈ ಕೊನೆಯ ಭಾಗದಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಪುನಃ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚು ಮಂದಿ ದೀರ್ಘವಾದ ಯಾತನೆಯನ್ನೇ ಆರಿಸಿಕೊಂಡರು! ಮನಸ್ಸು ಅನುಭವದ ಮೊತ್ತವನ್ನು ಕೂಡುವುದಿಲ್ಲ. ಅದರ ಶಿಖರವನ್ನೂ ಕೊನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ 102 ರನ್ನುಗಳ ಪಂದ್ಯ ವಿನಯ್ ಕುಮಾರರ 31 ಒಂದು ದಿನದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೊನೆಯದಾಯಿತು. ಯಾತನೆಯ ಶಿಖರವೂ ಅದೇ, ಕೊನೆಯೂ ಅದೇ. ಅದಕ್ಕೆ ಮುಂಚಿನ ಮೂವತ್ತು ಪಂದ್ಯಗಳನ್ನು ಊರಿನಲ್ಲಿ ಯಾರಾದರೂ ಹೇಳಬಲ್ಲರೇ?

ಅನಂತರ ನಡೆದದ್ದನ್ನು ಚುಟುಕಾಗಿ ಹೇಳುತ್ತೇವೆ, ಏಕೆಂದರೆ ಊರು ಅದನ್ನು ಟೆಲಿವಿಷನ್ನಿನ ಮುಂದೆ ಕುಳಿತು ನೋಡಲಿಲ್ಲ. ಮೂರು ತಿಂಗಳೊಳಗೆ ಅವರ ನಾಯಕತ್ವದಲ್ಲಿ ಕರ್ನಾಟಕ ಹೈದರಾಬಾದಿನಲ್ಲಿ ರಣಜಿ ಟ್ರೋಫಿಯನ್ನು ಗೆದ್ದಿತು, ಹದಿನೈದು ವರ್ಷಗಳ ಮೇಲೆ. ಅದೇ ಫೆಬ್ರವರಿಯಲ್ಲಿ ಇರಾನಿ ಕಪ್ಪನ್ನು ಗೆದ್ದದ್ದು ಅದೇ ಚಿನ್ನಸ್ವಾಮಿ ಮೈದಾನದಲ್ಲಿ, ಅದೇ ತೆಳುಗಾಳಿಯಲ್ಲಿ. 2015ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ತಮಿಳುನಾಡಿನ ಎದುರು ನಡೆದ ರಣಜಿ ಫೈನಲ್ಲಿನಲ್ಲಿ ವಿನಯ್ ಕುಮಾರರು ಮೊದಲ ಇನಿಂಗ್ಸಿನಲ್ಲಿ 34 ರನ್ನಿಗೆ 5 ವಿಕೆಟ್ ಪಡೆದು, ಔಟಾಗದೆ 105 ರನ್ನನ್ನೂ ಹೊಡೆದರು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿಯ ವಿರುದ್ಧ ಹ್ಯಾಟ್ರಿಕ್.

ಅದಾದ ನಾಲ್ಕೇ ತಿಂಗಳಿಗೆ, 2018ರ ಏಪ್ರಿಲ್ 10ರಂದು, ಐ.ಪಿ.ಎಲ್. ಪಂದ್ಯವೊಂದರ ಕೊನೆಯ ಓವರು ಅವರ ಪಾಲಿಗೆ ಬಂದಿತು. ಚೆನ್ನೈ ತಂಡಕ್ಕೆ 17 ರನ್ ಬೇಕಿತ್ತು. ಒಂದು ಎಸೆತ ಉಳಿದಿರುವಂತೆಯೇ ಹೊಡೆದು ಮುಗಿಸಿದರು. ಆ ರಾತ್ರಿ ಮೊಬೈಲುಗಳಲ್ಲಿ ಹರಿದಾಡಿದ ಹಾಸ್ಯೋಕ್ತಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದನ್ನು ನಾವೂ ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಆಗ ನಾವು ಹೊಸದಾಗಿ ಅಧ್ಯಾಪಕರಾಗಿದ್ದೆವು. ವಿದ್ಯಾರ್ಥಿಗಳು ನಗಲಿ ಎಂಬ ಚಪಲ.

ಮರುದಿನ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ನಮ್ಮ ಮೇಜಿನ ಬಳಿಗೆ ಬಂದ. ಕಾಲೇಜು ತಂಡದ ಬೌಲರು. ಬೇಸಗೆಯಲ್ಲಿ ತುಂಗಭದ್ರೆಯ ನೀರು ಇಳಿದಾಗ ಮರಳಿನ ಮೇಲೆ ಓಡಿ ಅಭ್ಯಾಸ ಮಾಡುವವನು. ಕೆಲವು ದಿನಗಳ ಹಿಂದೆ ಅಂತರಕಾಲೇಜು ಪಂದ್ಯದಲ್ಲಿ ಅವನಿಗೂ ಚೆನ್ನಾಗಿ ಪೆಟ್ಟು ಬಿದ್ದಿತ್ತು. ಅಂದಿನಿಂದ ಅವನು ಮೈದಾನಕ್ಕೆ ಹೋಗುತ್ತಿಲ್ಲವೆಂದು ಉಳಿದವರು ಹೇಳಿದ್ದು ನಮ್ಮ ಕಿವಿಗೂ ಬಿದ್ದಿತ್ತು. ಅವನು ತನ್ನ ರೆಕಾರ್ಡ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ: “ಸಾರ್, ಲೋಲಕದ ಪ್ರಯೋಗದಲ್ಲಿ ಒಂದೇ ರೀಡಿಂಗ್ ತಗೊಂಡು ಉತ್ತರ ಬರೆದೆ ಅಂತ ವಾಪಸು ಕೊಟ್ಟಿದ್ರಿ. ಮತ್ತೆ ಇಪ್ಪತ್ತು ಸಲ ಮಾಡ್ಕೊಂಡು ಬಂದಿದೀನಿ. ವಿನಯ್ ಕುಮಾರ್‌ದು ನೀವು ಎಷ್ಟು ರೀಡಿಂಗ್ ತಗೊಂಡ್ರಿ ಸಾರ್?”

ನಮಗೆ ಉತ್ತರ ತೋಚಲಿಲ್ಲ. ಪುಸ್ತಕಕ್ಕೆ ರುಜು ಹಾಕಿ ಕೊಟ್ಟೆವು. ಈ ಲೇಖನದಲ್ಲಿರುವ ಲೆಕ್ಕಗಳನ್ನು ಮೊದಲ ಬಾರಿಗೆ ಮಾಡಿದ್ದು ಆ ವಾರದಲ್ಲಿ. ಪೊಲೋನಿಯಮ್ಮಿನ ಕೋಷ್ಟಕವನ್ನು ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ರಣಜಿ ಪಂದ್ಯಗಳ ಅಂಕಿಗಳನ್ನು ಬರೆದು, ಗುಂಪಿಗೆ ಕಳಿಸಿದ್ದು ತಪ್ಪಾಯಿತೆಂದು ತರಗತಿಯ ಎದುರಿಗೆ ಹೇಳಿದೆವು. ಆ ಹುಡುಗ ಮತ್ತೆ ಮೈದಾನಕ್ಕೆ ಹೋಗತೊಡಗಿದ. ನಮ್ಮ ಲೆಕ್ಕದಿಂದಲೇ ಹೋದನೆಂದು ಹೇಳಲಾರೆವು. ಪರೀಕ್ಷೆ ಮುಗಿದು ರಜ ಬಂದಿತ್ತು.

ವಿನಯ್ ಕುಮಾರರು 2019ರಲ್ಲಿ ಕರ್ನಾಟಕವನ್ನು ಬಿಟ್ಟು ಪುದುಚೇರಿಯ ಪರವಾಗಿ ಆಡಲು ಹೋದರು. 2021ರ ಫೆಬ್ರವರಿ 26ರಂದು ಆಟದಿಂದ ನಿವೃತ್ತರಾದರು. ಆ ಸಂಜೆ ಚಿಕ್ಕಪ್ಪನ ಮನೆಗೆ ಹೋದಾಗ ಅವರು ಕನ್ನಡಕ ಮೇಲಕ್ಕೆತ್ತಿ ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದರು.

“ಐನೂರ ನಾಲ್ಕು ಅಂತಲ್ಲೋ! ನಮ್ಮ ಹುಡುಗ ಅಷ್ಟೊಂದು ಯಾವಾಗ ತೆಗೆದ?”

“ನೀವು ನೋಡದೇ ಇದ್ದಾಗ, ಚಿಕ್ಕಪ್ಪ” ಎಂದೆವು.